ಟೇಪಕ್ಕನ ಮೂರು ಸೆಕೆಂಡು

ಬೆಳಗಿನ ಐದೂವರೆ. ತಗಡು ಕತ್ತರಿಸುವ ಕಾರ್ಖಾನೆಯ ಮೂಲೆಯ ಗಾಜಿನ ಕೋಣೆಯಲ್ಲಿ ಎಪ್ಪತ್ತೊಂದರ ಹೆಂಗಸೊಬ್ಬರು ಹಳೆಯ ಕಂಪ್ಯೂಟರಿನ ಧೂಳು ಒರೆಸಿ, ಗುಂಡಿ ಒತ್ತಿ ಕೂರುತ್ತಾರೆ. ಅದು ಚಾಲೂ ಆಗಲು ಹನ್ನೊಂದು ನಿಮಿಷ ಬೇಕು. "ನನ್ನ ಹಾಗೇ, ಮಂಡಿ ಹಿಡ್ಕೊಂಡು ಏಳುತ್ತೆ," ಎಂದು ನಗುತ್ತಾರೆ. ಅವರ ಬಗ್ಗೆ ಬರೆಯಲು ಬಂದ ನಾನು ಅವರು ನಕ್ಕಿದ್ದನ್ನು ನೋಡಿದ್ದು ಅದೊಂದೇ ಸಲ.

ಕಾರ್ಮಿಕರಿಗೆ ಇವರು ಟೇಪಕ್ಕ. ಪ್ರೋಗ್ರಾಮನ್ನು ಕಾಗದದ ಟೇಪಿಗೆ ತೂತು ಹೊಡೆದು ಬರೆಯುತ್ತಿದ್ದ ಕಾಲದಿಂದ ಅಂಟಿಕೊಂಡ ಹೆಸರು. ಗಣಿತ ಓದಿ, ಅಳತೆ ಪರೀಕ್ಷಿಸುವ ಕೆಲಸಕ್ಕೆ ಸೇರಿದವರು. ಯಂತ್ರಗಳನ್ನು ಕಂಪ್ಯೂಟರಿನಿಂದ ನಡೆಸಬಹುದು ಎಂದಾಗ ಮೇಲಿನವರು ಮೂಗು ಮುರಿದರು. ಇವರು ಎರಡು ವರ್ಷ ಹಟ ಹಿಡಿದು ಪ್ರೋಗ್ರಾಮ್ ಬರೆದು, ನಡೆಸಿಯೇ ತೋರಿಸಿದರು. ಆಮೇಲೆ ಎಷ್ಟೋ ಕಾರ್ಖಾನೆಗಳು ಅದನ್ನು ನಕಲು ಮಾಡಿಕೊಂಡವು. ಇವರ ಹೆಸರು ಎಲ್ಲೂ ಇಲ್ಲ.

ಆ ಪ್ರೋಗ್ರಾಮಿನಲ್ಲಿ ಒಂದು ತಡೆಯಿದೆ. ಗುಂಡಿ ಒತ್ತಿದ ಮೇಲೂ ಬ್ಲೇಡು ಮೂರು ಸೆಕೆಂಡು ಕಾದೇ ಇಳಿಯುತ್ತದೆ. ಮೊದಲು ಹಾಗಿರಲಿಲ್ಲ. ಶುರುವಾದ ಎರಡನೇ ತಿಂಗಳಲ್ಲೇ, ಯಂತ್ರದ ಮುಂದೆ ನಿಂತಿದ್ದ ಇವರ ಸ್ವಂತ ತಮ್ಮನೇ ಬಲಗೈಯ ಎರಡು ಬೆರಳು ಕಳೆದುಕೊಂಡರು.

"ನನ್ನ ಪ್ರೋಗ್ರಾಮೇ ತಿಂದಿದ್ದು. ತಗಡು ಓರೆ ಕಂಡ್ರೆ ಸರಿ ಮಾಡೋಕೆ ಕೈ ತಾನಾಗೇ ಹೋಗ್ಬಿಡುತ್ತೆ. ಬುದ್ಧಿಗೆ ಗೊತ್ತಾಗೋದು ಆಮೇಲೆ. ಹೋದ ಕೈ ವಾಪಸ್ ಬರೋಕೆ ಮೂರು ಸೆಕೆಂಡು ಬೇಕು."

ದಿನಕ್ಕೆ ಸಾವಿರದ ನೂರು ತಗಡು. ಅಂದರೆ ಐವತ್ತೈದು ನಿಮಿಷ ಪೋಲು ಎನ್ನುತ್ತಾರೆ ಹೊಸ ಮ್ಯಾನೇಜರು. ಸೋಮವಾರ ಹೊಸ ಕಂಪ್ಯೂಟರ್ ಬರುತ್ತದೆ. ಯಂತ್ರ ಅದೇ, ತಡೆ ಮಾತ್ರ ಇರುವುದಿಲ್ಲ. ಅದನ್ನು ಯಾಕೆ ಹಾಕಿದ್ದೆಂದು ಪ್ರೋಗ್ರಾಮಿನಲ್ಲಿ ಒಂದು ಸಾಲಿನ ವಿವರಣೆಯೂ ಇಲ್ಲ.

"ಆಗ ಕಂಪ್ಯೂಟರಲ್ಲಿ ಜಾಗನೇ ಸಾಲ್ತಿರ್ಲಿಲ್ಲ. ಒಂದೊಂದು ಅಕ್ಷರ ಉಳಿಸ್ತಿದ್ವಿ. ವಿವರಣೆ ಎಲ್ಲ ನಾನೇ ಅಳಿಸಿದೆ. ನನಗೆ ಗೊತ್ತಲ್ಲ, ಸಾಕು ಅಂದ್ಕೊಂಡೆ. ಎಂಥಾ ದಡ್ಡಿ ನಾನು!"

ಕಳೆದ ವಾರ ತಮ್ಮನನ್ನೇ ಕರೆದೊಯ್ದು, ಮ್ಯಾನೇಜರ ಮೇಜಿನ ಮೇಲೆ ಆ ಕೈ ಇಡಿಸಿದರಂತೆ. "ಇವರದ್ದೇ ಕೊನೇದು, ಮೇಡಂ. ಆಮೇಲೆ ಮೂವತ್ತೆಂಟು ವರ್ಷದಲ್ಲಿ ಒಂದೂ ಅಪಘಾತ ಆಗಿಲ್ಲ. ಮತ್ತೆ ಭಯ ಯಾಕೆ?" ಎಂದರಂತೆ ಮ್ಯಾನೇಜರು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಟೇಪಕ್ಕನಿಗೆ ಸಿಟ್ಟು ಮಾಡುವಷ್ಟೂ ತ್ರಾಣ ಉಳಿದಿಲ್ಲ.

ನಿಮಗೇನು ಬೇಕು ಎಂದು ಕೇಳುತ್ತೇನೆ. "ಹೆಸರು ಗಿಸರು ಏನೂ ಬೇಡಪ್ಪ. ಆ ಮೂರು ಸೆಕೆಂಡು ಹಾಗೇ ಬಿಟ್ರೆ ಸಾಕು."

ಆರಕ್ಕೆ ಸೈರನ್ ಕೂಗುತ್ತದೆ. ಟೇಪಕ್ಕ ಯಂತ್ರದಿಂದ ಯಂತ್ರಕ್ಕೆ ನಡೆಯುತ್ತಾರೆ. "ಸೋಮವಾರದಿಂದ ಬ್ಲೇಡು ಕಾಯಲ್ಲ. ತಗಡು ಓರೆಯಾದ್ರೂ ಮುಟ್ಬೇಡಿ." ಎಲ್ಲರೂ ತಲೆಯಾಡಿಸುತ್ತಾರೆ. ಮೊದಲ ಯಂತ್ರದ ಹುಡುಗಿ "ಆಯ್ತು ಟೇಪಕ್ಕ, ಮುಟ್ಟಲ್ಲ" ಎನ್ನುತ್ತಲೇ ಗುಂಡಿ ಒತ್ತುತ್ತಾಳೆ, ಕೈ ಒಳಗೆ ಹಾಕಿ ತಗಡನ್ನು ನೇರ ಮಾಡುತ್ತಾಳೆ, ಕೈ ತೆಗೆಯುತ್ತಾಳೆ. ಬ್ಲೇಡು ಇಳಿಯುತ್ತದೆ.

"ನೋಡಿದ್ರಾ?" ಎನ್ನುತ್ತಾರೆ ಟೇಪಕ್ಕ. "ಮುಟ್ಟಿದ್ದು ಅವಳಿಗೇ ಗೊತ್ತಿಲ್ಲ."