ಕಟ್ಟಿಸಿಕೊಂಡ ಕಣ್ಣು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂಭಾಗದಲ್ಲಿ ಒಂದೇ ಕಿಟಕಿಯ ಸಣ್ಣ ಕೋಣೆಯಿದೆ. ಅಲ್ಲಿ ಕೂತು ಜನರಿಗೆ ಹಲ್ಲು ತಯಾರಿಸುವ ಹೆಂಗಸಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಹಲ್ಲಕ್ಕ. ಸ್ವಂತ ಹೆಸರು ಹಿಡಿದು ಕರೆದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆಂದು ಅವಳು ಸುಮ್ಮನಿದ್ದುಬಿಡುತ್ತಾಳೆ.

ಈ ಕೆಲಸದಲ್ಲಿ ಆಕಾರ ಬೇಗ ಕೈಗೆ ಹತ್ತುತ್ತದೆ. ಆಟ ಆಡಿಸುವುದು ಬಣ್ಣ. ಹಲ್ಲು ಬಿಳಿ ಎನ್ನುವುದು ಹಲ್ಲನ್ನು ಸರಿಯಾಗಿ ನೋಡದವರ ಮಾತು. ಒಬ್ಬರದು ಹಾಲಿನ ಕೆನೆಯಂತೆ, ಇನ್ನೊಬ್ಬರದು ಒಣಗಿದ ಸುಣ್ಣದಂತೆ; ಒಂದೇ ಹಲ್ಲಿನ ಬುಡದ ಬಣ್ಣ ತುದಿಯಲ್ಲಿರುವುದಿಲ್ಲ. ಹಲ್ಲಕ್ಕನ ಬಳಿ ಬೇರೆ ಬೇರೆ ಬಣ್ಣದ ಮಾದರಿ ಹಲ್ಲುಗಳ ಸಾಲೊಂದಿದೆ. ಬಂದವರನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಹಲ್ಲು ಒದ್ದೆಯಿರುವಾಗಲೇ ಮಾದರಿಯನ್ನು ಪಕ್ಕದಲ್ಲಿ ಹಿಡಿದು, ಒಂದೇ ನೋಟಕ್ಕೆ ತೀರ್ಮಾನಿಸಬೇಕು. ದಿಟ್ಟಿಸುತ್ತಾ ಕೂತರೆ ಕಣ್ಣು ದಣಿದು ಎಲ್ಲವೂ ಒಂದೇ ಥರ ಕಾಣುತ್ತವೆ. ಇಷ್ಟು ವರ್ಷ ಅವಳ ಮೊದಲ ನೋಟವೇ ಕೊನೆಯ ಮಾತಾಗಿತ್ತು.

ಹೀಗಿರುವಾಗ ಕ್ಷೌರದಂಗಡಿಯವನು ಹೊಸ ಹಲ್ಲು ಹಾಕಿಸಿಕೊಂಡ ವಾರದಲ್ಲೇ ತಿರುಗಿ ಬಂದ.

“ಹಲ್ಲಕ್ಕ, ಬೇಜಾರು ಮಾಡ್ಕೋಬೇಡಿ. ದಿನವಿಡೀ ಕನ್ನಡಿ ಮುಂದೆ ನಿಲ್ಲೋನು ನಾನು. ಈ ಒಂದು ಹಲ್ಲು ನನ್ನ ಬಾಯಿಗೆ ಬಾಡಿಗೆಗೆ ಬಂದ ಹಾಗಿದೆ.”

ಹಲ್ಲಕ್ಕ ತಪ್ಪನ್ನು ಟ್ಯೂಬ್‌ಲೈಟಿನ ಮೇಲೆ ಹೊರಿಸಿದಳು. ಹೊಸ ಟ್ಯೂಬ್‌ಲೈಟ್ ಬಂತು. ಕನ್ನಡಕದ ಮೇಲೆ ಹೊರಿಸಿದಳು. ಹೊಸ ಕನ್ನಡಕವೂ ಬಂತು. ಸಂಜೆ ರಸ್ತೆ ದಾಟುವಾಗ ಎದುರಿನ ಗಾಡಿಗಳ ದೀಪದ ಸುತ್ತ ಬೆಳಕು ಬಳೆಯಂತೆ ಹರಡಿಕೊಳ್ಳುತ್ತಿತ್ತು. ಅದನ್ನು ಹೊಗೆಯ ಮೇಲೆ ಹೊರಿಸಿದಳು. ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಡುನೀಲಿ ಕಾಲುಚೀಲ ಹಾಕಿಕೊಂಡು ಕೆಲಸಕ್ಕೆ ಹೊರಟ ದಿನ ಮಾತ್ರ ಹೊರಿಸಲು ಯಾರೂ ಸಿಗಲಿಲ್ಲ. ಕಂಡುಹಿಡಿದವಳು ನಾದಿನಿ.

ಹಲ್ಲಕ್ಕನ ಗಂಡ ಲಾರಿ ಓಡಿಸುವವನು, ಮನೆಯಲ್ಲಿದ್ದುದಕ್ಕಿಂತ ಹೊರಗಿದ್ದುದೇ ಹೆಚ್ಚು. ಹಾಗಾಗಿ ಮನೆಯೆಂದರೆ ಅವಳು ಮತ್ತು ಗಂಡನ ತಂಗಿ. ನಾದಿನಿಗೆ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೆಲಸ. ದಿನವೆಲ್ಲ ಪ್ರಯಾಣಿಕರ ಜೊತೆ ಮಾತಾಡಿಯೂ ಮನೆಗೆ ಬರುವಾಗ ಅವಳಲ್ಲಿ ಮಾತು ಉಳಿದಿರುತ್ತಿತ್ತು.

“ಕಾಮಾಲೆ ಕಣ್ಣಿಗೆ ಲೋಕವೆಲ್ಲಾ ಹಳದಿ ಅಂತಾರೆ. ನಿಮಗೆ ಕಾಮಾಲೆನೂ ಇಲ್ವಲ್ಲ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ ಅತ್ತಿಗೆ.”

“ತೋರಿಸೋಕೆ ಏನಾಗಿದೆ? ಈಗಲೂ ಸೂಜಿಗೆ ದಾರ ನಾನೇ ಹಾಕ್ತೀನಿ.”

“ನಿನ್ನೆ ಹಾಕ್ತಾ ಇದ್ದಿದ್ದು ನೋಡಿದೆ. ಸೂಜಿ ಇತ್ತು, ದಾರ ಇತ್ತು, ಎರಡಕ್ಕೂ ಭೇಟಿನೇ ಆಗ್ಲಿಲ್ಲ.”

ಹಲ್ಲಕ್ಕ ಇದನ್ನೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲವೇನೋ. ಆದರೆ ನಾದಿನಿ ಬಸ್ ನಿಲ್ದಾಣದ ಒದ್ದೆ ಮೆಟ್ಟಿಲಲ್ಲಿ ಜಾರಿ ಮುಂದಿನ ಹಲ್ಲು ಮುರಿದುಕೊಂಡಳು. ಹಲ್ಲಿನ ಡಾಕ್ಟರು ಸದ್ಯಕ್ಕೆಂದು ಒಂದು ತಾತ್ಕಾಲಿಕ ಹಲ್ಲು ಅಂಟಿಸಿದರು. ಅದು ಒಮ್ಮೆ ಉದುರಿ, ಟಿಕೆಟಿನ ಜೊತೆಗೇ ಪ್ರಯಾಣಿಕರೊಬ್ಬರ ಅಂಗೈ ಸೇರಿತು. ಆವತ್ತಿನಿಂದ ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡತೊಡಗಿದಳು. ಕಿಟಕಿಯ ಆಚೆಯವರಿಗೆ ಕೇಳಿಸದು; ಅವರು ಮತ್ತೆ ಮತ್ತೆ ಕೇಳುವರು; ಇವಳು ಬರಬರುತ್ತಾ ಮಾತನ್ನೇ ಕಡಿಮೆ ಮಾಡಿದಳು.

“ಇದೊಂದನ್ನ ಹೊರಗಿನ ಲ್ಯಾಬಿಗೆ ಕಳಿಸೋಣ್ವಾ?” ಎಂದು ಹಲ್ಲಿನ ಡಾಕ್ಟರು ಮೆಲ್ಲಗೆ ಕೇಳಿದರು. ಯಾಕೆಂದು ಹಲ್ಲಕ್ಕನಿಗೆ ಗೊತ್ತಾಯಿತು.

ಉತ್ತರ ಕೊಟ್ಟವಳು ನಾದಿನಿಯೇ, ಕೈಯ ಹಿಂದಿನಿಂದ. “ಅತ್ತಿಗೆ ಮಾಡಿದ್ರೆ ಹಾಕ್ಕೋತೀನಿ ಡಾಕ್ಟ್ರೇ. ಇಲ್ಲಾಂದ್ರೆ ಕಿಂಡಿ ಹಾಗೇ ಇರಲಿ, ಗಾಳಿ ಆಡುತ್ತೆ.”

ಮರುದಿನವೇ ಹಲ್ಲಕ್ಕ ಕಣ್ಣಿನ ಆಸ್ಪತ್ರೆಗೆ ಹೋದಳು.

ಕಣ್ಣಿನ ಡಾಕ್ಟರಮ್ಮ ಬೆಳಕು ಬಿಟ್ಟು ನೋಡಿ, ಎರಡೂ ಕಣ್ಣಲ್ಲಿ ಪೊರೆ ಬಂದಿದೆ, ಬಲಗಣ್ಣಿನದು ಹೆಚ್ಚು ಎಂದರು. ಪೊರೆ ಎಂದ ಕೂಡಲೇ ಹಲ್ಲಕ್ಕನ ಕಣ್ಣಿಗೆ ಕಟ್ಟಿದ್ದು ಹಾವು ಕಳಚಿಟ್ಟ ಪೊರೆ. ಕಣ್ಣಿನ ಮೇಲಿಂದ ಅಂಥದ್ದೇನನ್ನೋ ಸುಲಿದು ತೆಗೆಯುತ್ತಾರೆ ಎಂದುಕೊಂಡಳು.

“ಮೇಲೆ ಏನೂ ಬೆಳೆದಿಲ್ಲಮ್ಮ. ಕಣ್ಣೊಳಗೆ ಗಾಜಿನ ಥರ ಒಂದು ಮಸೂರ ಇರುತ್ತೆ. ವಯಸ್ಸಾದ ಹಾಗೆ ಅದು ಹಳದಿಯಾಗಿ ಮಬ್ಬಾಗುತ್ತೆ. ಅದನ್ನ ತೆಗೆದು ಬೇರೆ ಮಸೂರ ಇಡ್ತೀವಿ.”

“ಡ್ರಾಪ್ಸ್ ಹಾಕಿದ್ರೆ ಕರಗಲ್ವಾ?”

“ಕರಗಲ್ಲ.”

“ಪೂರ್ತಿ ಬಲಿಯೋ ತನಕ ಕಾಯ್ಬೇಕು ಅಂತಾರಲ್ಲ?”

“ಅದು ಹಿಂದಿನ ಮಾತು. ಕೆಲಸಕ್ಕೆ ತೊಂದರೆ ಆಗ್ತಿದೆ ಅಂದ್ರೆ ಈಗಲೇ ಮಾಡಿಸ್ಬಹುದು. ತೀರಾ ಬಲಿತರೆ ತೆಗೆಯೋದೇ ಕಷ್ಟ.”

ಮನೆಗೆ ಬಂದು ಹೇಳಿದಾಗ ನಾದಿನಿಗೆ ಅರ್ಥವಾದದ್ದೇ ಬೇರೆ. “ಮಸೂರ್ ಬೇಳೆನಾ? ಕಣ್ಣೊಳಗಾ? ಅಲ್ಲಿ ಅವರ ಬೇಳೆ ಹೇಗೆ ಬೇಯುತ್ತೆ ಅತ್ತಿಗೆ?”

ಮೊದಲು ಬಲಗಣ್ಣಿಗೆ ಎಂದಾಯಿತು. ಆಪರೇಷನ್ ದಿನ ಹಲ್ಲಕ್ಕನಿಗೆ ಇದ್ದ ಭಯ ಒಂದೇ: ಚಾಕು ಹತ್ತಿರ ಬರುವುದು ಕಾಣುತ್ತದೆಯೇ? ಕಾಣಲಿಲ್ಲ. ಡ್ರಾಪ್ಸಿನ ಮೇಲೆ ಡ್ರಾಪ್ಸ್ ಹಾಕಿ ಕಣ್ಣನ್ನು ಮರಗಟ್ಟಿಸಿದರು, ಮುಖದ ಮೇಲೆ ಬಟ್ಟೆ ಹೊದಿಸಿದರು, ಮೇಲಿನ ದೀಪವನ್ನೇ ನೋಡಿ ಎಂದರು. ಎಚ್ಚರವಾಗಿಯೇ ಇದ್ದಳು. ನೋವಿರಲಿಲ್ಲ, ಏನೋ ಒತ್ತಿದ ಹಾಗೆ, ನೀರು ಹರಿದ ಹಾಗೆ, ಬೆಳಕು ಕರಗಿ ಕಲಸಿದ ಹಾಗೆ. ಶುರುವಾಯಿತೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಮುಗಿಯಿತೆಂದರು. ಕಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿ ಮನೆಗೆ ಕಳಿಸಿದರು. ಉಜ್ಜಬಾರದು, ಕಣ್ಣಿಗೆ ನೀರು ಸೋಕಿಸಬಾರದು, ಭಾರ ಎತ್ತಬಾರದು, ಹೇಳಿದ ಹೊತ್ತಿಗೆ ಡ್ರಾಪ್ಸ್ ಹಾಕಬೇಕು. ನೋವು ಹೆಚ್ಚಾದರೆ, ಕಣ್ಣು ಕೆಂಪಾದರೆ, ದೃಷ್ಟಿ ಮಂಕಾದರೆ ತಡಮಾಡದೆ ಬರಬೇಕು. ಕಣ್ಣಿಗೆ ಡ್ರಾಪ್ಸ್ ಹಾಕುವ ಕೆಲಸವನ್ನು ನಾದಿನಿ ವಹಿಸಿಕೊಂಡಳು. ಪ್ರತಿ ಸಲವೂ ಕೈ ತೊಳೆದು ಬಂದು, “ಮೇಲೆ ನೋಡಿ, ಬಸ್ಸು ಬಂತು” ಎಂದು ಹನಿ ಬಿಡುತ್ತಿದ್ದಳು.

ಗೊಂದಲ ಶುರುವಾದದ್ದು ಮುಚ್ಚಳ ತೆಗೆದ ಮೇಲೆ.

ಹಾಸಿಗೆಯ ಮೇಲಿನ ಬಿಳಿ ಹೊದಿಕೆ ನೀಲಿಗೆ ತಿರುಗಿತ್ತು. ಬಲಗಣ್ಣು ಮುಚ್ಚಿದರೆ ಅದೇ ಹೊದಿಕೆ ಚಹಾದಲ್ಲಿ ಅದ್ದಿ ತೆಗೆದ ಹಾಗೆ. ಎಡಗಣ್ಣು ಮುಚ್ಚಿದರೆ ಮತ್ತೆ ನೀಲಿ. ಗೋಡೆ, ತಟ್ಟೆ, ತನ್ನದೇ ಅಂಗೈ, ಎಲ್ಲಕ್ಕೂ ಎರಡೆರಡು ಬಣ್ಣ. ಅವಳು ಮನೆಯೆಲ್ಲ ಓಡಾಡಿ ಒಂದೊಂದೇ ಕಣ್ಣು ಮುಚ್ಚಿ ತೆರೆದು ನೋಡಿದಳು. ನಾದಿನಿಯ ಅಂಗಿ ಯಾವ ಬಣ್ಣವೆಂದು ಕೇಳಿದಳು. ಅವಳು ಹೇಳಿದ್ದನ್ನು ನಂಬಬೇಕೋ ಬೇಡವೋ ತಿಳಿಯಲಿಲ್ಲ.

ತಪಾಸಣೆಗೆ ಹೋದಾಗ ಮಾದರಿ ಹಲ್ಲುಗಳ ಸಾಲನ್ನು ಚೀಲದಲ್ಲಿ ಹಾಕಿಕೊಂಡೇ ಹೋದಳು. “ಡಾಕ್ಟ್ರೇ, ನೀಲಿ ಬಣ್ಣದ ಮಸೂರ ಹಾಕಿಬಿಟ್ಟಿದ್ದೀರಾ? ನೋಡಿ, ಇವೆಲ್ಲಾ ನೀಲಿ ಕಾಣ್ತಿವೆ.”

ಡಾಕ್ಟರಮ್ಮ ನಗಲಿಲ್ಲ. “ಇಷ್ಟು ವರ್ಷ ಹಳದಿ ಗಾಜಿನ ಮೂಲಕ ನೋಡ್ತಾ ಇದ್ರಿ. ಆ ಗಾಜು ಹೋಯ್ತು, ಅದಕ್ಕೇ ನೀಲಿ ಜಾಸ್ತಿ ಕಾಣುತ್ತೆ. ಕೆಲವು ವಾರದಲ್ಲಿ ಹೊಂದಿಕೊಳ್ಳುತ್ತೆ.”

ತಲೆಯಾಡಿಸಿ ಬಂದಳು. ಆದರೆ ತಲೆಯೊಳಗೆ ಇಳಿಯಲಿಲ್ಲ. ಎಷ್ಟಾದರೂ ಒಂದು ಹುಟ್ಟಿದಾಗಿನಿಂದ ಜೊತೆಗಿದ್ದ ಕಣ್ಣು, ಇನ್ನೊಂದು ಮೊನ್ನೆ ಬಂದದ್ದು.

ಹಲ್ಲು ತೀಡುವಾಗ ಪುಡಿ ಹಾರುವ ಕೆಲಸಕ್ಕೆ ಕೂರಬಹುದು, ಆದರೆ ರಕ್ಷಣೆಯ ಕನ್ನಡಕ ಹಾಕಿಕೊಂಡೇ, ಎಂದು ಡಾಕ್ಟರಮ್ಮನ ಅನುಮತಿ ಸಿಕ್ಕಿದ ಮೇಲೆ ನಾದಿನಿಯನ್ನು ಕಿಟಕಿಯ ಬಳಿ ಕೂರಿಸಿದಳು. ಮುರಿದ ಹಲ್ಲಿನ ಪಕ್ಕದ ಹಲ್ಲಿಗೆ ಎರಡು ಮಾದರಿ ಹಿಡಿದಳು. ಹಳೆಯ ಕಣ್ಣಿಗೆ ಎರಡೂ ಒಂದೇ. ಹೊಸ ಕಣ್ಣಿಗೆ ಅವು ಬೇರೆ ಬೇರೆ, ಎರಡರ ಮೇಲೂ ಒಂದು ನೀಲಿ ನೆರಳು.

“ಯಾವುದು ಅತ್ತಿಗೆ?”

“ಇರು. ಎರಡು ಕಣ್ಣು ಎರಡು ಮಾತು ಹೇಳ್ತಾ ಇವೆ.”

“ಹೊಸದರ ಮಾತು ಕೇಳಿ. ಅದಕ್ಕೇ ಅಲ್ವಾ ಮಾಡಿಸಿದ್ದು?”

“ಇದು ಕಟ್ಟಿಸ್ಕೊಂಡ ಕಣ್ಣು ಕಣೇ. ಹುಟ್ಟಿದ್ದನ್ನ ಬಿಟ್ಟು ಕಟ್ಟಿಸ್ಕೊಂಡಿದ್ದನ್ನ ಹೇಗೆ ನಂಬಲಿ? ಕಣ್ಕಟ್ಟು ಅನ್ನೋದು ಸುಮ್ನೆ ಅಲ್ಲ.”

“ಹಲ್ಲು ಕಟ್ಟಿ ಬದುಕೋರ ಬಾಯಲ್ಲಿ ಈ ಮಾತಾ?” ಎಂದು ನಾದಿನಿ ಕೈಯ ಹಿಂದೆ ಗೊಣಗಿದಳು.

ಹಲ್ಲಕ್ಕ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಹಳೆಯ ಕಣ್ಣಿನ ಮೊದಲ ನೋಟಕ್ಕೆ ಬಂದ ಬಣ್ಣವನ್ನೇ ಹಿಡಿದು ಹಲ್ಲು ಮಾಡಿದಳು. ಅಂಟಿಸುವ ಮುಂಚೆ ಹಲ್ಲಿನ ಡಾಕ್ಟರು ಅದನ್ನು ನಾದಿನಿಯ ಬಾಯಲ್ಲಿಟ್ಟು ತೋರಿಸಿದರು. ಹಲ್ಲಕ್ಕ ಎರಡೂ ಕಣ್ಣು ತೆರೆದಳು. ಅಕ್ಕಿಯ ನಡುವೆ ಜೋಳದ ಕಾಳೊಂದು ಬಿದ್ದ ಹಾಗಿತ್ತು. ಸುಳ್ಳು ಹೇಳುತ್ತಿರುವುದು ಹೊಸ ಕಣ್ಣೇ ಇರಬೇಕು ಎಂದುಕೊಂಡಳು.

ನಾದಿನಿ ಕನ್ನಡಿ ನೋಡಿದಳು. “ಚೆನ್ನಾಗಿದೆ ಅತ್ತಿಗೆ” ಎಂದಳು. ತಮಾಷೆ ಇಲ್ಲ, ಕೊಂಕು ಇಲ್ಲ. ಅವಳ ಕೈ ತಾನಾಗಿ ಮೇಲೇರಿ ಬಾಯಿಯನ್ನು ಮುಚ್ಚಿತು.

ಹಲ್ಲಕ್ಕ ಆ ಕೈಯನ್ನೇ ನೋಡಿದಳು. ಎರಡು ಕಣ್ಣಿಗೂ ಅದು ಒಂದೇ ಥರ ಕಂಡಿತು.

“ಇದನ್ನ ತೆಗೀರಿ ಡಾಕ್ಟ್ರೇ,” ಎಂದಳು. “ಇನ್ನೊಂದು ಮಾಡ್ತೀನಿ.”

ಕೋಣೆಗೆ ಹೋಗಿ ಎರಡು ಮಾದರಿಗಳನ್ನು ಮತ್ತೆ ಕಿಟಕಿಗೆ ಹಿಡಿದಳು. ಕಟ್ಟಿಸಿಕೊಂಡ ಕಣ್ಣು ಎಲ್ಲಕ್ಕೂ ನೀಲಿ ಬಳಿಯುತ್ತದೆ, ನಿಜ. ಬಳಿದರೆ ಹಲ್ಲಿಗೂ ಬಳಿಯುತ್ತದೆ, ಮಾದರಿಗೂ ಬಳಿಯುತ್ತದೆ. ಪಕ್ಕಪಕ್ಕ ಇಟ್ಟಾಗ ಎರಡರ ನಡುವೆ ಇರುವ ವ್ಯತ್ಯಾಸ ಅದಕ್ಕೆ ಕಾಣುತ್ತದೆ. ಹಳೆಯ ಕಣ್ಣಿಗೆ ಆ ವ್ಯತ್ಯಾಸವೇ ಇಲ್ಲ. ಹಾಗಾದರೆ ಕ್ಷೌರದಂಗಡಿಯವನ ಹಲ್ಲು? ಅದಕ್ಕೂ ಹಿಂದಿನವು? ಯಾವಾಗಿನಿಂದ ಹೀಗೆ? ಈ ಲೆಕ್ಕ ಎಲ್ಲಿಂದ ಹಿಡಿಯಬೇಕೆಂದು ತಿಳಿಯದೆ ಅವಳು ಅದನ್ನು ಅಲ್ಲಿಗೇ ಬಿಟ್ಟು, ನಾದಿನಿಯನ್ನು ಕರೆದು ಎಡಗಣ್ಣು ಮುಚ್ಚಿ ಬಣ್ಣ ಆರಿಸಿ, ಕೆಲಸಕ್ಕೆ ಕೂತಳು.

ಎರಡನೆಯ ಹಲ್ಲನ್ನು ಕೂರಿಸಿದ ದಿನ ನಾದಿನಿ ಕಿಟಕಿಯ ಬಳಿ ಬಾಯಿ ತೆರೆದು ಕೂತಿದ್ದಳು. ಹಳೆಯ ಕಣ್ಣು ಸರಿ ಎಂದಿತು. ಅದು ಯಾವುದಕ್ಕೂ ಸರಿ ಎನ್ನುತ್ತದೆ. ಹೊಸ ಕಣ್ಣು ಬುಡದಿಂದ ತುದಿಯವರೆಗೆ ಹುಡುಕಿತು. ತಪ್ಪೇನೂ ಸಿಗಲಿಲ್ಲ.

“ಹೇಳಿ ಅತ್ತಿಗೆ, ದವಡೆ ನೋಯ್ತಾ ಇದೆ.”

“ಕನ್ನಡಿ ನೋಡ್ಕೋ.”

ನಾದಿನಿ ನೋಡಿಕೊಂಡಳು, ತಿರುಗಿ ನೋಡಿಕೊಂಡಳು. “ಮುರಿದ ಹಲ್ಲಿಗಿಂತ ಇದೇ ನನಗೆ ಹತ್ತಿರದ ಸಂಬಂಧ ಅನ್ನಿಸ್ತಿದೆ” ಎಂದಳು.

ಹಲ್ಲಕ್ಕ ಎಡಗಣ್ಣಿನ ಆಪರೇಷನ್ನಿಗೆ ದಿನ ಕೇಳಲು ಆಸ್ಪತ್ರೆಯ ದಾರಿ ಹಿಡಿದಾಗ ನಾದಿನಿಯೂ ಜೊತೆಗೆ ಹೊರಟಳು. ದಾರಿಯಲ್ಲಿ ಸಾಮಾನು ಕೊಂಡು, ಎರಡು ಕೈಯಲ್ಲೂ ಚೀಲ ತೂಗಿಸಿಕೊಂಡು, ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಾ ಮುಂದೆ ನಡೆದಳು. ಆ ಚೀಲಗಳು ಹಸಿರೋ ನೀಲಿಯೋ ಹಲ್ಲಕ್ಕನಿಗೆ ತಿಳಿಯಲಿಲ್ಲ. ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು, ಆಮೇಲೆ ಎರಡನ್ನೂ ತೆರೆದುಕೊಂಡು ಅವಳ ಹಿಂದೆ ಹೋದಳು.