ಹೇಮಕ್ಕ ನೋಡದೆ ಒತ್ತಿದ ಒಪ್ಪಿಗೆ

ಹೇಮಾವತಿ ತೀರಿಕೊಂಡ ಮೂರನೆಯ ದಿನ ಸಂಜೆ ಅವಳ ಫೋನು ಟಿಣ್ ಎಂದಿತು. ಗಂಡ ನಾಗೇಂದ್ರ ಬೆಚ್ಚಿಬಿದ್ದು ತೆರೆದು ನೋಡಿದರೆ, ಯಾವುದೋ ಮಗು ಆಟಕ್ಕೆ ಇನ್ನು ಹದಿನೈದು ನಿಮಿಷ ಕೊಡಿ ಎಂದು ಕೇಳುತ್ತಿತ್ತು. ಯಾರ ಮಗು ಎಂದು ಅವನಿಗೆ ಗೊತ್ತಾಗಲಿಲ್ಲ. ಹೆತ್ತ ಮಕ್ಕಳಿಲ್ಲದ ಹೇಮಾವತಿ ಆ ಫೋನಿನೊಳಗೆ ಒಂದು ಕಾಲಕ್ಕೆ ಮೂವತ್ತೊಂದು ಮಕ್ಕಳ ತಾಯಿಯಾಗಿದ್ದಳು.

ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ಅವಳ ಮೊಬೈಲ್ ರಿಪೇರಿ ಅಂಗಡಿ. ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ಕೊರೊನಾ ಕಾಲದಲ್ಲಿ ಪಾಠಕ್ಕೆಂದು ಮಕ್ಕಳ ಕೈಸೇರಿದ ಫೋನುಗಳು ಶಾಲೆ ತೆರೆದ ಮೇಲೂ ಕೈಬಿಡಲಿಲ್ಲ. ತಾಯಂದಿರು ಒಬ್ಬೊಬ್ಬರಾಗಿ ಅಂಗಡಿಗೆ ಬಂದು, ಇದಕ್ಕೊಂದು ಬೀಗ ಹಾಕಿಕೊಡಿ ಎಂದರು. ಬೀಗದ ಆಪ್ ಇತ್ತು. ಆದರೆ ಮಗು ಏನನ್ನಾದರೂ ಹಾಕಿಕೊಳ್ಳಬೇಕಾದರೆ ಹೆತ್ತವರ ಫೋನಿಗೆ ಕೋರಿಕೆ ಹೋಗಬೇಕು, ಅವರು ನೋಡಿ ಒಪ್ಪಿಗೆ ಒತ್ತಬೇಕು. ಹೆತ್ತವರ ಫೋನು ಎಲ್ಲಿತ್ತು? ಅಪ್ಪನದು ಲಾರಿಯ ಜೊತೆ ಊರೂರು ಸುತ್ತುತ್ತಿತ್ತು, ಅಮ್ಮನದು ಬಟನ್ ಒತ್ತುವ ಹಳೆಯ ಫೋನು.

"ನಿಮ್ದೇ ಫೋನ್ ಹಾಕ್ಬಿಡಿ ಹೇಮಕ್ಕ. ನಿಮ್ಮ ಮಾತಿಗಾದ್ರೂ ಹೆದರ್ತಾವೆ" ಎಂದರು. ಮೊದಲು ಒಂದು ಮನೆಗೆ ಹಾಗೆ ಮಾಡಿಕೊಟ್ಟಳು. ಆಮೇಲೆ ಇಲ್ಲ ಎನ್ನಲು ಆಗಲಿಲ್ಲ.

ಪಕ್ಕದ ಟೈಲರ್ ಮಂಜಯ್ಯ ಚುಡಾಯಿಸುತ್ತಿದ್ದರು: "ಅಷ್ಟೂ ಜನಾನ ರೇಷನ್ ಕಾರ್ಡಿಗೂ ಸೇರಿಸ್ಕಳಿ ಮಾರಾಯ್ರೆ. ಅಕ್ಕಿ ಹೊರೋಕೆ ಟೆಂಪೊ ನಾನು ತರ್ತೀನಿ."

ಹೇಮಾವತಿ ನಗುತ್ತಿದ್ದಳು. ಆದರೆ ಪ್ರತಿ ಕೋರಿಕೆಯನ್ನೂ ಓದಿಯೇ ಒತ್ತುತ್ತಿದ್ದಳು, ಆ ಒಂದು ಶನಿವಾರದವರೆಗೆ.

ಅಂದು ಮಧ್ಯಾಹ್ನ ಎರಡು ಗಂಟೆಗೆ ಗಿರಾಕಿಯೊಬ್ಬರ ಫೋನಿನ ಹೊಸ ಗಾಜು ಅರ್ಧ ಅಂಟಿ ಅರ್ಧ ಎದ್ದು ನಿಂತಿತ್ತು. ಅಷ್ಟರಲ್ಲಿ ದೀಪಶ್ರೀಯ ಕರೆ ಬಂತು. ಒಂಬತ್ತನೇ ತರಗತಿಯ ಹುಡುಗಿ. ತಾಯಿ ಕನ್ನಮ್ಮ ಅದೇ ಶಾಲೆಯ ಬಿಸಿಯೂಟದ ಅಡುಗೆಯವಳು.

"ಹೇಮಕ್ಕ, ಒಂದು ಆಪ್ ಕೇಳಿದೀನಿ, ಬೇಗ ಒಪ್ಕಳಿ. ಸ್ಕಾಲರ್‌ಶಿಪ್ ಸರ್ ಲೈನಲ್ಲಿದಾರೆ, ಕಟ್ ಮಾಡ್ಬಿಡ್ತಾರೆ."

"ಎಂತ ಆಪೇ ಅದು?"

"ಫಾರಂ ತುಂಬೋದು ಹೇಮಕ್ಕ, ಪ್ಲೀಸ್."

ಎಡಗೈ ಹೆಬ್ಬೆರಳಿನಿಂದ ಒತ್ತಿದಳು. ಮತ್ತೆ ಗಾಜಿನ ಕಡೆ ತಿರುಗಿದಳು.

ಗಿರಾಕಿ ಹೋದ ಮೇಲೆ, ಅರ್ಧ ಗಂಟೆ ಕಳೆದು, ಒತ್ತಿದ್ದು ಏನು ಎಂದು ತೆಗೆದು ನೋಡಿದಳು. ಫಾರಂ ತುಂಬುವ ಆಪ್ ಅಲ್ಲ ಅದು. ನಮ್ಮ ಪರದೆಯ ಮೇಲೆ ಏನಿದೆಯೋ ಅದನ್ನು ಇದ್ದ ಹಾಗೆಯೇ ಇನ್ನೊಬ್ಬನಿಗೆ ತೋರಿಸುವ ಆಪ್. ಅಪರಿಚಿತರು ಹೇಳಿದರೆ ಇದನ್ನು ಹಾಕಿಕೊಳ್ಳಬೇಡಿ ಎಂದು ಅವಳೇ ಹತ್ತಾರು ಗಿರಾಕಿಗಳಿಗೆ ಹೇಳಿ ಕಳಿಸಿದ್ದಳು.

ಮಕ್ಕಳು ಎಲ್ಲಿದ್ದಾರೆಂದು ತೋರಿಸುವ ಮ್ಯಾಪ್ ತೆರೆದಳು. ದೀಪಶ್ರೀಯ ಚುಕ್ಕಿ ಮನೆಯಲ್ಲಿರಲಿಲ್ಲ. ಸಾಗರದ ರಸ್ತೆಯಲ್ಲಿ ಮುಂದೆ ಮುಂದೆ ಹೋಗುತ್ತಿತ್ತು.

ಕರೆ ಮಾಡಲು ಹೆಸರು ಹುಡುಕಿದವಳು ಅಲ್ಲೇ ನಿಂತಳು. ಕರೆ ಮಾಡಿದರೆ ಹೇಮಕ್ಕ ಎಂಬ ಹೆಸರು ಆ ಪರದೆಯ ಮೇಲೆ ಬರುತ್ತದೆ, ಆ ಸ್ಕಾಲರ್‌ಶಿಪ್ ಸರ್ ಎಂಬವನೂ ನೋಡುತ್ತಾನೆ. ಮೆಸೇಜು ಬರೆದರೆ ಅವನೂ ಓದುತ್ತಾನೆ. ಫೋನನ್ನೇ ಇಲ್ಲಿಂದ ಲಾಕ್ ಮಾಡಬಹುದಿತ್ತು. ಆದರೆ ಕೈಯಲ್ಲಿನ ಫೋನು ಇದ್ದಕ್ಕಿದ್ದಂತೆ ಕಲ್ಲಾದರೆ ಹೆದರಿದ ಹುಡುಗಿ ಎಲ್ಲಿ ಇಳಿದುಬಿಡುತ್ತಾಳೋ? ಸಾಗರದಲ್ಲಿ ಯಾರು ಕಾಯುತ್ತಿದ್ದಾರೋ?

ಸಾಗರಕ್ಕೆ ಹೋಗುವ ಎರಡೂವರೆಯ ಬಸ್ಸೇ ಇರಬೇಕು. ಅದರ ಕಂಡಕ್ಟರ್ ಶಿವು. ಸಾಗರ, ತೀರ್ಥಹಳ್ಳಿಯ ಕಡೆ ಹೋಗುವ ಖಾಸಗಿ ಬಸ್ಸಿನವರೆಲ್ಲ ಅವಳಿಗೆ ಪರಿಚಿತರು. ರಿಪೇರಿಯಾದ ಫೋನುಗಳನ್ನು ಹಳೆ ಪೇಪರಿನಲ್ಲಿ ಸುತ್ತಿ, ಮೇಲೆ ಹೆಸರು ಬರೆದು ಅವರ ಕೈಗೇ ಕೊಡುವುದು ರೂಢಿ. ಹೇಳಿದ ಸ್ಟಾಪಿನಲ್ಲಿ ಹೇಳಿದವರ ಕೈಗೇ ಅವರು ಮುಟ್ಟಿಸುತ್ತಾರೆ.

ಶಿವು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದ. ಮತ್ತೆ ಮಾಡಿದಳು. ಅದೇ ಹೆಣ್ಣುದನಿ, ಅದೇ ಮಾತು. ಮ್ಯಾಪಿನ ಚುಕ್ಕಿಯೂ ಕಾಡಿನ ನಡುವೆ ನಿಂತುಬಿಟ್ಟಿತು. ಸಿಗ್ನಲ್ ಹೋಗಿ ನಿಂತಿತೋ, ಬಸ್ಸೇ ನಿಂತಿತೋ, ಯಾರಾದರೂ ಇಳಿಸಿಕೊಂಡರೋ ತಿಳಿಯುವಂತಿರಲಿಲ್ಲ. ಮಂಜಯ್ಯ ಬಾಗಿಲಿಗೆ ಬಂದು ಏನೋ ತಮಾಷೆ ಶುರುಮಾಡಿದರು.

"ಮಂಜಯ್ಯ, ಕನ್ನಮ್ಮನ್ನ ಕರ್ಕೊಂಡು ಬನ್ನಿ. ಓಡಿ."

ಹತ್ತನೆಯದೋ ಹನ್ನೊಂದನೆಯದೋ ಸಲಕ್ಕೆ ರಿಂಗಾಯಿತು. ಬಸ್ಸು ಬಟ್ಟೆಮಲ್ಲಪ್ಪದ ಹತ್ತಿರ ಬಂದಿತ್ತು.

"ಹೇಳಿ ಹೇಮಕ್ಕ. ಇವತ್ತು ನಿಮ್ಮ ಪಾರ್ಸಲ್ ಯಾವ್ದೂ ಇಲ್ವಲ್ಲ?"

"ಶಿವು, ಮೆತ್ತಗೆ ಮಾತಾಡು. ಸ್ಕೂಲ್ ಯೂನಿಫಾರಂ ಹಾಕಿದ ಹುಡುಗಿ, ಎರಡು ಜಡೆ. ಒಬ್ಳೇ ಇದಾಳಾ?"

ಶಿವು ಬಸ್ಸಿನೊಳಗೆ ಕಣ್ಣಾಡಿಸಿದ.

"ಇದಾಳೆ. ಹಿಂದಿನ ಸೀಟಲ್ಲಿ. ಫೋನಲ್ಲೇ ಮುಖ ಇಟ್ಕೊಂಡಿದಾಳೆ, ಅತ್ತಿರೋ ಹಂಗೆ ಕಾಣ್ತದೆ."

"ಅವಳ ಹತ್ರ ಬಾಯಿ ಬಿಡಬೇಡ. ಆ ಕಡೆಯವ್ನಿಗೆ ಕೇಳಿಸ್ಬಹುದು. ಚೀಟಿಲಿ ಬರೆದು ಕೊಡು. ಇಳೀಬೇಡ, ಹೇಮಕ್ಕಂಗೆ ಎಲ್ಲ ಗೊತ್ತು, ಫೋನು ಅವರೇ ಅಲ್ಲಿಂದ ಲಾಕ್ ಮಾಡ್ತಾರೆ, ಹೆದರ್ಬೇಡ ಅಂತ."

"ನನ್ನ ಅಕ್ಷರ ನಂಗೇ ಓದಕ್ಕಾಗಲ್ಲ ಹೇಮಕ್ಕ."

"ದೊಡ್ಡದಾಗಿ ಬರಿ ಮಾರಾಯ!"

ಶಿವು ಟಿಕೆಟ್ಟಿನ ಹಿಂದೆ ಬರೆದ. ಚಿಲ್ಲರೆ ಕೊಡುವವನಂತೆ ಹೋಗಿ ಅವಳ ಕೈಯೊಳಗಿಟ್ಟ. ಓದಿದಳು ಎಂದು ಅವನು ಹೇಳಿದ ಕೂಡಲೇ ಹೇಮಾವತಿ ಇಲ್ಲಿಂದ ಫೋನಿಗೆ ಬೀಗ ಒತ್ತಿದಳು. ಶಿವು ಅದನ್ನು ಪೂರ್ತಿ ಆಫ್ ಮಾಡಿ ತನ್ನ ಚೀಲಕ್ಕೆ ಹಾಕಿಕೊಂಡು, ತನ್ನ ಫೋನನ್ನು ಹುಡುಗಿಯ ಕಿವಿಗೆ ಕೊಟ್ಟ.

ದೀಪಶ್ರೀ ಬಿಕ್ಕುತ್ತ ಹೇಳಿದ್ದು ಇಷ್ಟು. ಆ ಸರ್ ಪರದೆಯಲ್ಲಿ ಅವಳ ಮೆಸೇಜುಗಳನ್ನೆಲ್ಲ ತೆರೆಸಿ ಓದಿದ್ದ. ಗೆಳತಿಗೆ ಅವಳೊಂದು ಮೆಸೇಜು ಬರೆದಿದ್ದಳು: ಅಮ್ಮ ನಮ್ಮ ಶಾಲೆಯಲ್ಲೇ ಅಡುಗೆ ಮಾಡುವುದು ನನಗೆ ನಾಚಿಕೆ, ಅವಳು ಬಡಿಸುವ ಸಾಲಿಗೆ ನಾನು ಹೋಗುವುದಿಲ್ಲ. ಒಬ್ಬಳೇ ಸಾಗರಕ್ಕೆ ಬಂದು ಸಹಿ ಹಾಕು, ಇಲ್ಲವಾದರೆ ಇದನ್ನು ನಿನ್ನ ಇಡೀ ಶಾಲೆಗೆ ಕಳಿಸುತ್ತೇನೆ ಎಂದಿದ್ದ.

"ಅಮ್ಮಂಗೆ ಹೇಳ್ಬೇಡಿ ಹೇಮಕ್ಕ."

"ನಾನು ಹೇಳಲ್ಲ. ನೀನು ಬಸ್ಸಿಂದ ಇಳೀಬೇಡ, ಅಷ್ಟೇ."

ಹೇಮಾವತಿ ಸಾಗರದ ಪೊಲೀಸರಿಗೂ ಫೋನು ಮಾಡಿ ಹೇಳಿದಳು. ಅವರು ಬಸ್‌ಸ್ಟ್ಯಾಂಡಿಗೆ ಬಂದು ಹುಡುಕಿದರು, ಅಂಥವನು ಯಾರೂ ಸಿಗಲಿಲ್ಲ. ಅವನ ನಂಬರು ಆಗಲೇ ಆಫ್ ಆಗಿತ್ತು. ಇವತ್ತಿಗೂ ಅವನು ಯಾರೆಂದು ಗೊತ್ತಿಲ್ಲ.

ಅದೇ ಬಸ್ಸು ತಿರುಗಿ ಬರುವವರೆಗೆ ಕನ್ನಮ್ಮ ಸ್ಟ್ಯಾಂಡಿನ ಕಂಬ ಹಿಡಿದು ನಿಂತಿದ್ದಳು. ಕೂರಿ ಎಂದರೂ ಕೂರಲಿಲ್ಲ. ಮಗಳು ಇಳಿದಾಗ ಬಯ್ಯಲೂ ಇಲ್ಲ, ಅಪ್ಪಲೂ ಇಲ್ಲ, ಮಣಿಕಟ್ಟು ಹಿಡಿದುಕೊಂಡಳು.

ಹೇಮಾವತಿ ಮುಂದೆ ಬಂದು, "ಆ ಆಪಿಗೆ ಒಪ್ಪಿಗೆ ಕೊಟ್ಟಿದ್ದು ನಾನು ಕನ್ನಮ್ಮ. ನೋಡದೆ ಒತ್ಬಿಟ್ಟೆ" ಎಂದಳು.

ಕನ್ನಮ್ಮ ಅವಳನ್ನೇ ನೋಡಿದಳು. "ನಿಮ್ಮ ಕೈಲಿದೆ ಅಂತ ನಾನು ನಿಶ್ಚಿಂತೆಯಾಗಿ ಅನ್ನ ಬೇಯಿಸ್ತಿದ್ನಲ್ಲ ಹೇಮಕ್ಕ" ಎಂದಷ್ಟೇ ಹೇಳಿ, ಮಗಳನ್ನು ಎಳೆದುಕೊಂಡು ಹೊರಟುಹೋದಳು. ಆ ರಾತ್ರಿ ಹೇಮಾವತಿ ಊಟ ಮಾಡಲಿಲ್ಲವೆಂದು ನಾಗೇಂದ್ರ ಈಗ ನೆನೆಯುತ್ತಾನೆ.

ಸೋಮವಾರದಿಂದ ಅವಳು ಮನೆಮನೆಗೆ ಕರೆ ಮಾಡತೊಡಗಿದಳು: ಬನ್ನಿ, ಕಲಿಸಿಕೊಡುತ್ತೇನೆ, ನಿಮ್ಮ ಮಕ್ಕಳಿಗೆ ನೀವೇ ಒಪ್ಪಿಗೆ ಕೊಡಿ. ಕೆಲವರು ರೇಗಿದರು. ಕೆಲವರು ಬರುತ್ತೇವೆ ಎಂದು ಕೊನೆಯವರೆಗೂ ಬರಲಿಲ್ಲ.

ಕನ್ನಮ್ಮ ಮಾತ್ರ ಕರೆಯುವ ಮೊದಲೇ, ಆ ಸೋಮವಾರ ಬೆಳಗ್ಗೆ ಷಟರ್ ಎತ್ತುವಾಗ ಬಂದು ನಿಂತಿದ್ದಳು, ಮಗಳ ಜೊತೆ.

"ನಂಗೆ ಕಲಿಸಿ. ಒತ್ತೋದಾದ್ರೆ ಇನ್ನು ನಾನೇ ಒತ್ತೋದು."

ಹೇಮಾವತಿ ಅಂಗಡಿಯ ಒಂದು ಹಳೆಯ ಫೋನನ್ನು ಅವಳಿಗೆ ಕೊಟ್ಟು ಗಂಟೆಗೂ ಹೆಚ್ಚು ಹೊತ್ತು ಹೇಳಿಕೊಟ್ಟಳು. ಸೌಟು ಹಿಡಿದು ದಡ್ಡುಗಟ್ಟಿದ ಬೆರಳಿಗೆ ಪರದೆ ಒಗ್ಗುತ್ತಿರಲಿಲ್ಲ. ಒಂದು ಒತ್ತಿದರೆ ಇನ್ನೊಂದು ತೆರೆಯುತ್ತಿತ್ತು. ಕೊನೆಗೆ ಹೇಮಾವತಿ ದೀಪಶ್ರೀಗೆ, ಯಾವುದಾದರೊಂದು ಆಪ್ ಕೇಳು, ನೋಡೋಣ ಎಂದಳು. ಚಿತ್ರ ಬರೆಯುವ ಆಪ್ ಒಂದರ ಕೋರಿಕೆ ಬಂತು. ಕನ್ನಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಒತ್ತಲಿಲ್ಲ.

"ಇದ್ಯಾಕೆ ಬೇಕೇ ನಿಂಗೆ?"

ದೀಪಶ್ರೀ ತನ್ನ ಫೋನಿನಲ್ಲಿ ಗೆಳತಿಗೆ ಬರೆದಿದ್ದ ಆ ಮೆಸೇಜನ್ನು ತೆಗೆದು, ತಲೆ ತಗ್ಗಿಸಿಕೊಂಡು ಅಮ್ಮನ ಮುಂದೆ ಹಿಡಿದಳು. "ಮೊದ್ಲು ಇದು ಓದಮ್ಮ" ಎಂದಳು.

ಕನ್ನಮ್ಮನ ತುಟಿ ನಿಧಾನಕ್ಕೆ ಅಲುಗತೊಡಗಿತು. ಹೇಮಾವತಿ ಎದ್ದು ಹೊರಗೆ ಬಂದು, ಯಾರೂ ಒಳಗೆ ಹೋಗದಂತೆ ಬಾಗಿಲಿಗೆ ಬೆನ್ನು ಹಾಕಿ ನಿಂತಳು.