ಶವರಿನ ಫಿಲ್ಟರೂ ನನ್ನ ತುರಿಕೆಯೂ

ಮೊದಲು ಮೊಣಕಾಲಿನ ಕೆಳಗೆ ತುರಿಸಿತು. ಸೊಳ್ಳೆ ಅಂದುಕೊಂಡೆ. ಆಮೇಲೆ ಸೊಂಟ, ಬೆನ್ನು, ತೋಳು. ಚರ್ಮ ಬಿಳಿ ಹೊಟ್ಟಿನ ಹಾಗೆ ಉದುರತೊಡಗಿತು. ಕೆರೆದಲ್ಲಿ ರಕ್ತ ಬಂತು.

ಯಾರಿಗೂ ಹೇಳಲಿಲ್ಲ.

ನನ್ನ ತಂಗಿ ಸೀತೆಗೂ ಹೀಗೇ ತುರಿಕೆ ಇತ್ತು. ಕೊನೆಗೆ ನೋಡಿದರೆ ಕಿಡ್ನಿ. ಪುತ್ತೂರಿಗೆ ಡಯಾಲಿಸಿಸ್‌ಗೆ ಹೋಗಿ ಬಂದು, ಹೋಗಿ ಬಂದು, ಸತ್ತಳು. ಕರೆದುಕೊಂಡು ಹೋಗುತ್ತಿದ್ದವಳು ನಾನೇ. ನನ್ನನ್ನು ಹಾಗೆ ಯಾರೂ ಕಟ್ಟಿಕೊಂಡು ತಿರುಗುವುದು ಬೇಡ ಅನ್ನುವುದೊಂದೇ ತಲೆಯಲ್ಲಿದ್ದದ್ದು.

ಬಟ್ಟೆ ಒಗೆಯುವಾಗ ಸೊಸೆ ಪುಷ್ಪಾ ನನ್ನ ರವಿಕೆಯಲ್ಲಿ ರಕ್ತ ಕಂಡಳು.

"ಎಂತ ಅತ್ತೆ ಇದು?"

"ಎಂತ ಇಲ್ಲ. ನಂಗೆ ಈ ಬೋರ್‌ವೆಲ್ ನೀರು ಆಗುದಿಲ್ಲ."

ಬಾಯಿಗೆ ಬಂದದ್ದು ಹೇಳಿದೆ. ಅವಳು ನಂಬಿ, ಮೊಬೈಲಿನಲ್ಲಿ ನೋಡಿ, ಶವರಿಗೆ ಹಾಕುವ ಫಿಲ್ಟರ್ ತರಿಸಿದಳು. ಚರ್ಮಕ್ಕೂ ಕೂದಲಿಗೂ ಒಳ್ಳೆಯದಂತೆ. ಆಮೇಲೆ ನಾನೂ ನಂಬಿದೆ. ನೀರಿನದ್ದೇ ಆದರೆ ಕಿಡ್ನಿ ಅಲ್ಲವಲ್ಲ.

ಆದರೆ ಶವರಿನ ಕೆಳಗೆ ನಿಂತು ಮಿಂದು ನನಗೆ ಅಭ್ಯಾಸವಿಲ್ಲ. ಹಂಡೆಯ ನೀರೇ ಆಗಬೇಕು, ಮೈ ಕೆಂಪಾಗುವಷ್ಟು ಬಿಸಿ. ಹಾಗಾಗಿ ಶವರಿನ ಕೆಳಗೆ ಕೊಡಪಾನ ಇಟ್ಟು ಫಿಲ್ಟರಿನ ನೀರು ತುಂಬಿಸಿ, ಹೊತ್ತು ತಂದು ಹಂಡೆಗೆ ಸುರಿದು ಬೆಂಕಿ ಹಾಕಿದೆ. ತುರಿಕೆ ಹೆಚ್ಚಿದ ಹಾಗೆ ನೀರನ್ನೂ ಹೆಚ್ಚು ಕಾಯಿಸಿದೆ. ಪೀರೆಕಾಯಿಯ ಒಣ ನಾರಿನಿಂದ ಉಜ್ಜಿದೆ. ನೀರು ಸುರಿಯುವಾಗ ಹಾಯೆನಿಸುತ್ತಿತ್ತು. ಮೈ ಒಣಗುವಷ್ಟರಲ್ಲಿ ಇನ್ನೂ ಜೋರು.

ಫಿಲ್ಟರ್ ಹಾಕಿಯೂ ಕಡಿಮೆಯಾಗಲಿಲ್ಲ.

ಹಾಗಾದರೆ ಕಿಡ್ನಿಯೇ.

ಪುಷ್ಪಾ ಸುಳ್ಯಕ್ಕೆ ಎಳೆದುಕೊಂಡು ಹೋದಳು. ಡಾಕ್ಟರಮ್ಮನ ಮುಂದೆ ಸೀತೆಯ ಕತೆ ಬಾಯಿಂದ ಬಿದ್ದುಹೋಯಿತು. ಬ್ಲಡ್ ಟೆಸ್ಟಿಗೆ ಬರೆದರು. ರಿಪೋರ್ಟ್ ಬರುವವರೆಗೆ ಬೆಂಚಿನಲ್ಲಿ ಕೂತೆವು.

"ಕಿಡ್ನಿ ಸರಿ ಉಂಟು ಅಮ್ಮ. ಶುಗರ್ ಕೂಡ ಇಲ್ಲ. ಚರ್ಮ ಒಣಗಿದ್ದು. ಸ್ನಾನ ಹೇಗೆ ಮಾಡುದು ನೀವು?"

ಪುಷ್ಪಾ ಎಲ್ಲ ಹೇಳಿದಳು. ಡಾಕ್ಟರಮ್ಮ ನಕ್ಕರು.

"ಫಿಲ್ಟರ್ ನೀರನ್ನು ಹೊತ್ತು ಹಂಡೆಗೆ ಹಾಕುದಾ? ಒಳ್ಳೆ ಕೆಲಸ ಮಾರಾಯ್ರೆ! ಅದು ಹೆಚ್ಚಾಗಿ ಕ್ಲೋರಿನ್ ತೆಗೀಲಿಕ್ಕೆ ಇರುದು. ನಿಮ್ಮ ಬೋರ್‌ವೆಲ್ಲಿಗೆ ಕ್ಲೋರಿನ್ ಯಾರು ಹಾಕ್ತಾರೆ? ಪೇಟೆಯ ನೀರಿಗೆ ಹಾಕಿದ್ರೂ ಫಿಲ್ಟರಿಂದ ತುರಿಕೆ ಗುಣ ಆಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ನೀವು ಮೈಯನ್ನೇ ಬೇಯಿಸಿದ್ದು. ಪ್ರಾಯ ಆದ ಚರ್ಮ ಅಮ್ಮ. ಉಗುರುಬೆಚ್ಚಗಿನ ನೀರು ಸಾಕು, ನಾರು ಬೇಡ. ಮಿಂದ ಕೂಡ್ಲೆ ಈ ಕ್ರೀಮ್ ಹಚ್ಚಿ."

"ಅಷ್ಟು ತಣ್ಣಗಿನ ನೀರಲ್ಲಿ ಮಿಂದ ಹಾಗೆ ಆಗುದಿಲ್ಲ ಡಾಕ್ಟ್ರೆ."

"ಹಾಗಾದ್ರೆ ಕೆರ್ಕೊಂಡು ಕೂತ್ಕೊಳ್ಳಿ."

ರಿಕ್ಷಾದಲ್ಲಿ ಪುಷ್ಪಾ ಮುಖ ಊದಿಸಿಕೊಂಡಿದ್ದಳು. "ಕಿಡ್ನಿ ಅಂತ ಹೆದರಿಕೆ ಇದ್ರೆ ನಂಗೆ ಹೇಳ್ಬಾರ್ದಿತ್ತಾ? ನಾನೆಂತ ಹೊರಗಿನವಳಾ?"

ಕ್ರೀಮಿನ ಟ್ಯೂಬನ್ನು ಅವಳ ಕೈಗೆ ಕೊಟ್ಟೆ.

ತುರಿಕೆ ಈಗ ಬಹಳ ಕಡಿಮೆ. ಪೂರ್ತಿ ಹೋಗಿಲ್ಲ. ತುರಿಸಿದಾಗೆಲ್ಲ ಎದೆ ಒಮ್ಮೆ ಧಸಕ್ಕೆನ್ನುತ್ತದೆ, ಅದು ಹೋಗಲಿಕ್ಕಿಲ್ಲ. ಫಿಲ್ಟರ್ ಹಾಳಾದರೆ ಇನ್ನೊಂದು ತರುವುದು ಬೇಡ ಅಂದಿದ್ದೇನೆ. ಕ್ರೀಮ್ ಹಚ್ಚಲು ಬೆನ್ನಿಗೆ ನನ್ನ ಕೈ ಎಟಕುವುದಿಲ್ಲ. ಪುಷ್ಪಾ ಹಚ್ಚುತ್ತಾಳೆ. ಮೊದಲ ದಿನ ನಾಚಿಕೆಯಾಯಿತು. ಈಗ ಅವಳು ತಡಮಾಡಿದರೆ ನಾನೇ ಕರೆಯುತ್ತೇನೆ.